ಕಲ್ಲಿನ ಕಿರುಶಿಖರವೂ ಕಬ್ಬಿಣದ ಕಿರುಬಂಡಿಯೂ

ಮೈಸೂರಿನಿಂದ ಬನ್ನೂರಿನ ದಾರಿ ಹಿಡಿದು ಪೂರ್ವಕ್ಕೆ ಹೊರಟರೆ, ಕಬ್ಬಿನ ತೋಟಗಳನ್ನೂ ಬತ್ತದ ಬಯಲುಗಳನ್ನೂ ನೀರು ತುಂಬಿದ ಕಾಲುವೆಗಳನ್ನೂ ದಾಟಿಕೊಂಡು, ಸುಮಾರು 35 ಕಿಲೋಮೀಟರು ಸಾಗುವಷ್ಟರಲ್ಲಿ ಸೋಮನಾಥಪುರವು ಸಿಕ್ಕುವುದು. ತಿರುಮಕೂಡಲು ನರಸೀಪುರದ ಸೀಮೆಗೆ ಸೇರಿದ ಈ ಗ್ರಾಮವು ಕಾವೇರಿಗೆ ಹತ್ತಿರದಲ್ಲಿದೆ. ಹೊಯ್ಸಳರ ಕಾಲದ ಕೇಶವ ದೇವಾಲಯದಿಂದ ಇದರ ಹೆಸರು ಲೋಕವಿಖ್ಯಾತವಾಗಿರುವುದು. ಈ ಊರಿಗೆ ರೈಲುದಾರಿಯಿಲ್ಲ. ಬಂದವರೆಲ್ಲರೂ ರಸ್ತೆಯಿಂದಲೇ ಬರಬೇಕು. ಹೀಗಿದ್ದರೂ, ರೈಲಿನ ಉಗಿಯಂತ್ರವೊಂದನ್ನು ಅದರ ಪುಟ್ಟ ಮಾದರಿಯೊಡನೆ ಹೋಲಿಸಿ ತಿಳಿಯಬೇಕೆಂಬ ಕುತೂಹಲವುಳ್ಳವರು ಮೊದಲು ಸೋಮನಾಥಪುರಕ್ಕೆ ಬರುವುದು ಒಳ್ಳೆಯದು ಎಂದರೆ ವಾಚಕರು ನಗಬಹುದು. ನಕ್ಕರೂ ಚಿಂತೆಯಿಲ್ಲ, ದೇವಾಲಯದ ಗೋಡೆಯನ್ನು ಒಂದು ಗಳಿಗೆ ನಮ್ಮೊಡನೆ ನೋಡಿದ ಮೇಲೆ ಮಾತಿನ ಹುರುಳು ತಾನಾಗಿಯೇ ತಿಳಿದೀತು.

ಹೊಯ್ಸಳ ದೊರೆ ಮೂರನೆಯ ನರಸಿಂಹನು 1254ರಿಂದ 1291ರ ವರೆಗೆ ಆಳಿದನು. ಅವನ ದಂಡನಾಯಕನಾದ ಸೋಮನಾಥನು ಇಲ್ಲಿ ಅಗ್ರಹಾರವೊಂದನ್ನು ಏರ್ಪಡಿಸಿ, ಅದಕ್ಕೆ ತನ್ನ ಹೆಸರನ್ನೇ ಇಟ್ಟು, ನಡುವೆ ಈ ಗುಡಿಯನ್ನು ಕಟ್ಟಿಸಿದನು. ಸುತ್ತಲೂ ಪ್ರಾಕಾರ, ಅದರ ಒಳಮೈಗೆ ಒತ್ತಿಕೊಂಡು 64 ಚಿಕ್ಕ ಗುಡಿಗಳ ಸಾಲು, ಅಂಗಳದ ನಡುವೆ ಎತ್ತರಿಸಿದ ಜಗತಿಯ ಮೇಲೆ ಮೂರು ಗರ್ಭಗೃಹಗಳುಳ್ಳ ತ್ರಿಕೂಟ ದೇವಾಲಯ. ಪ್ರತಿಯೊಂದು ಗರ್ಭಗೃಹದ ತಳವಿನ್ಯಾಸವೂ ಹದಿನಾರು ಮೂಲೆಗಳ ನಕ್ಷತ್ರದಂತೆ ಇರುವುದು. ಕಟ್ಟಿದ್ದು ಬಳಪದ ಕಲ್ಲಿನಲ್ಲಿ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿ ತಗುಲಿದ ಮೇಲೆ ಗಟ್ಟಿಯಾಗುವ ಈ ಕಲ್ಲು ಉಳಿಗೆ ಮೇಣದಂತೆ ಒಗ್ಗುವುದೆಂದು ಬಲ್ಲವರು ಹೇಳುತ್ತಾರೆ. ಶಿಲ್ಪಿಗಳಲ್ಲಿ ಹಲವರು ತಮ್ಮ ಹೆಸರನ್ನು ವಿಗ್ರಹಗಳ ಪೀಠದಲ್ಲಿ ಕೆತ್ತಿಟ್ಟಿದ್ದಾರೆ. ಅವುಗಳಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವುದು ಮಲ್ಲಿತಮ್ಮನೆಂಬ ಹೆಸರು.

ಜಗತಿಯ ಮೇಲೆ ನಿಂತು ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿರಿ. ಮೊದಲು ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರ ಸಾಲು, ಬಳ್ಳಿಯ ಪಟ್ಟಿಕೆ, ಪುರಾಣ ಕಥೆಗಳ ಪಟ್ಟಿಕೆ, ಮಕರಗಳು, ಹಂಸಗಳು. ಅನಂತರ ದೇವತೆಗಳ ದೊಡ್ಡ ವಿಗ್ರಹಗಳು. ಅವುಗಳ ತಲೆಯ ಮೇಲೆ ಗೋಡೆಯನ್ನು ಸುತ್ತಿಕೊಂಡು ಬರುವ ಒಂದು ಕಲ್ಲಿನ ಸೂರು. ಇನ್ನೂ ಮೇಲೆ ಮತ್ತೊಂದು ಸೂರು. ಈ ಎರಡು ಸೂರುಗಳ ನಡುವೆ ಗೋಡೆಗಂಬಗಳ ಮೇಲೆ ನಿಂತ ಪುಟ್ಟ ಪುಟ್ಟ ಶಿಖರಗಳನ್ನು ಕೆತ್ತಿದ್ದಾರೆ. ಒಂದೊಂದೂ ಅಂತಸ್ತುಗಳಿಂದ ಕೂಡಿ, ಕಳಶವನ್ನು ಹೊತ್ತು, ಪೂರ್ಣವಾದ ಗೋಪುರದಂತೆ ತೋರುವುದು. ಅಲ್ಲಿಂದ ದೃಷ್ಟಿಯನ್ನು ಇನ್ನೂ ಎತ್ತಿದರೆ ನಿಜವಾದ ಶಿಖರವು ಆಕಾಶಕ್ಕೆ ಎದ್ದಿರುವುದು. ಮಾದರಿಯೂ ಮೂಲವೂ ಒಂದೇ ನೋಟದಲ್ಲಿ, ಒಂದರ ಮೇಲೊಂದು!

ನೋಡಿದ ಕೂಡಲೇ ಮನಸ್ಸು ಹೇಳುವುದು: ದೊಡ್ಡದನ್ನು ಕುಗ್ಗಿಸಿ ಚಿಕ್ಕದನ್ನು ಮಾಡಿದ್ದಾರೆ. ಆದರೆ ಸಾವಧಾನವಾಗಿ ಹೋಲಿಸಿದವನಿಗೆ ಹಾಗಲ್ಲವೆಂದು ಗೊತ್ತಾಗುವುದು. ದೊಡ್ಡ ಶಿಖರದಲ್ಲಿರುವ ಅಂತಸ್ತುಗಳನ್ನೂ ಸಾಲುಸಾಲು ಕಿರುರೂಪಗಳನ್ನೂ ಅದೇ ಲೆಕ್ಕದಲ್ಲಿ ಗೇಣುದ್ದದ ಕಲ್ಲಿನಲ್ಲಿ ಕೆತ್ತಹೋದರೆ, ಒಂದೊಂದು ಗೆರೆಯೂ ಕೂದಲಿಗಿಂತ ಸಣ್ಣದಾಗಿ, ಕೆಳಗೆ ನಿಂತವರ ಕಣ್ಣಿಗೆ ಬರಿಯ ತರಿಯಾಗಿ ಕಾಣುತ್ತಿತ್ತು. ಆದುದರಿಂದ ಶಿಲ್ಪಿಯು ಕೆಲವನ್ನು ಬಿಟ್ಟನು, ಕೆಲವನ್ನು ಹಿಗ್ಗಿಸಿದನು. ಕಳಶವನ್ನು ದಪ್ಪನಾಗಿಸಿದನು, ನೆರಳು ಬೀಳುವಷ್ಟು ಆಳವಾಗಿ ಸಂದುಗಳನ್ನು ಕೊರೆದನು. ದೊಡ್ಡ ಶಿಖರವು ತನ್ನ ಭಾರವನ್ನು ಗೋಡೆಗೆ ಇಳಿಸಬೇಕು, ಮಳೆಯನ್ನು ಹರಿಯಿಸಬೇಕು, ದೇವರ ತಲೆಯ ಮೇಲೆ ನೆರಳಾಗಬೇಕು. ಚಿಕ್ಕದಕ್ಕೆ ಈ ಯಾವ ಹೊಣೆಯೂ ಇಲ್ಲ. ಕಣ್ಣಿಗೆ ಶಿಖರವೆಂದು ಹೇಳಿದರೆ ಅದರ ಕೆಲಸವು ಮುಗಿಯಿತು. ಹೊಣೆ ಬೇರೆಯಾದುದರಿಂದ ರೂಪವೂ ಬೇರೆಯಾಯಿತು.

ಈ ದೇವಾಲಯಕ್ಕೇ ಇದೇ ಮಾತು ಒಪ್ಪುವುದು. 1117ರ ಬೇಲೂರಿನ ಚೆನ್ನಕೇಶವ ದೇವಾಲಯವೂ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವೂ ಇದಕ್ಕಿಂತ ಬಹು ದೊಡ್ಡವು. ಆದರೆ ಆ ಎರಡಕ್ಕೂ ಇಂದು ಶಿಖರವಿಲ್ಲ. ಚಿಕ್ಕದಾದ ಸೋಮನಾಥಪುರದಲ್ಲಿ ಮೂರು ಶಿಖರಗಳೂ ಉಳಿದಿರುವುವು. ಹೊಯ್ಸಳರ ಗುಡಿಯು ಬುಡದಿಂದ ಕಳಶದ ವರೆಗೆ ಹೇಗಿರುತ್ತಿತ್ತೆಂದು ತಿಳಿಯಬೇಕಾದರೆ ಹಿರಿಯವುಗಳನ್ನು ಬಿಟ್ಟು ಕಿರಿಯದರ ಬಳಿಗೆ ಬರಬೇಕಾಗಿದೆ. 2023ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಮೂರನ್ನೂ ಒಟ್ಟಿಗೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಒಂದರ ಕೊರತೆಯನ್ನು ಇನ್ನೊಂದು ತುಂಬುವುದರಿಂದ ಅದು ಉಚಿತವೇ ಆಯಿತು.

ಕಲ್ಲಿನಲ್ಲಿ ಕಂಡ ಈ ಪ್ರಶ್ನೆಯನ್ನು ಕಬ್ಬಿಣದಲ್ಲಿಯೂ ಪರೀಕ್ಷಿಸಬೇಕೆಂದರೆ ಬಹು ದೂರ ಹೋಗಬೇಕಾಗಿಲ್ಲ. ಬಂದ ದಾರಿಯಲ್ಲೇ ಮೈಸೂರಿಗೆ ಹಿಂದಿರುಗಿ, ಕೃಷ್ಣರಾಜಸಾಗರದ ರಸ್ತೆಯಲ್ಲಿ ರೈಲು ನಿಲ್ದಾಣದ ಮಗ್ಗುಲಲ್ಲಿಯೇ ಇರುವ ರೈಲು ವಸ್ತುಸಂಗ್ರಹಾಲಯಕ್ಕೆ ಹೋದರೆ ಸಾಕು. 1979ರಲ್ಲಿ ಪ್ರಾರಂಭವಾದ ಈ ಸಂಗ್ರಹಾಲಯದಲ್ಲಿ 1899ರ ಮಹಾರಾಣಿಯವರ ಸಲೂನು ಬಂಡಿಯನ್ನೂ ಹಳಿಯ ಮೇಲೆ ಓಡಾಡುತ್ತಿದ್ದ ಆಸ್ಟಿನ್ ಮೋಟಾರನ್ನೂ ನೋಡಲು ಜನರು ಗುಂಪುಗೂಡುತ್ತಾರೆ. ಮಕ್ಕಳನ್ನು ಕೂರಿಸಿಕೊಂಡು ಸುತ್ತು ಬರುವ ಪುಟ್ಟ ರೈಲೂ ಇಲ್ಲಿ ಉಂಟು. ಇವೆಲ್ಲದರ ನಡುವೆ ಇ.ಎಸ್. 506 ಎಂಬ ಅಂಕವನ್ನು ಹೊತ್ತ ಒಂದು ಉಗಿಯಂತ್ರವು ನಿಂತಿರುವುದು. ಮುಂದೆ ನಾಲ್ಕು ಚಿಕ್ಕ ಗಾಲಿಗಳು, ನಡುವೆ ಎಳೆಯುವ ಆರು ಗಾಲಿಗಳು, ಹಿಂದೆ ಎರಡು. ರೈಲ್ವೆಯವರು ಈ ಜೋಡಣೆಯನ್ನು 4-6-2 ಎಂದು ಬರೆಯುವರು. ಇದು ನ್ಯಾರೋಗೇಜಿನ, ಎಂದರೆ ಕಿರುಹಳಿಯ, ಎಂಜಿನು.

ಕಿರುಹಳಿಯೆಂದರೆ ಏನೆಂಬುದನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳುವುದು ಅವಶ್ಯ. ಎರಡು ಹಳಿಗಳ ಒಳಮೈಗಳ ನಡುವಿನ ಅಂತರವನ್ನು ಗೇಜು ಎನ್ನುವರು. ನಮ್ಮ ದೇಶದ ಬ್ರಾಡ್‌ಗೇಜು ಐದೂವರೆ ಅಡಿ, ಎಂದರೆ 1676 ಮಿಲಿಮೀಟರು. ಮೈಸೂರು ಸಂಸ್ಥಾನದ ಮುಖ್ಯ ಮಾರ್ಗಗಳು ಬಹುಕಾಲ ಮೀಟರ್‌ಗೇಜಿನವಾಗಿದ್ದುವು. ಇವೆರಡಕ್ಕೂ ಕಿರಿದಾದುದು ಎರಡೂವರೆ ಅಡಿಯ ನ್ಯಾರೋಗೇಜು, 762 ಮಿಲಿಮೀಟರು. ಸಂಸ್ಥಾನದಲ್ಲಿ ಈ ಅಳತೆಯ ಹಳಿಯು 1910ರ ದಶಕದಲ್ಲಿ ಕೋಲಾರದ ಕಡೆ ಹಾಸಲ್ಪಟ್ಟಿತು. ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ 1913ರಲ್ಲಿ ರೈಲು ಓಡಿತು. ಬಳಿಕ ಒಂದು ಕಡೆ ಯಲಹಂಕದಿಂದ ದೇವನಹಳ್ಳಿ, ನಂದಿಯ ತಪ್ಪಲು, ಚಿಕ್ಕಬಳ್ಳಾಪುರದ ವರೆಗೂ, ಮತ್ತೊಂದು ಕಡೆ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರಗಳ ಮೇಲೆ ಕೋಲಾರದ ವರೆಗೂ ಹಳಿಯು ಕೂಡಿಕೊಂಡಿತು. ಒಣ ಸೀಮೆಯ ರೈತರಿಗೂ ಸಂತೆಗೆ ಹೋಗುವ ವ್ಯಾಪಾರಿಗಳಿಗೂ ನಂದಿಯ ಯಾತ್ರಿಕರಿಗೂ ಇದೇ ಧೂಮಶಕಟವು ದೊಡ್ಡ ಆಸರೆಯಾಗಿತ್ತು.

ಇಷ್ಟು ಕಿರಿದಾದ ಹಳಿಯನ್ನೇಕೆ ಹಾಕಿದರು? ಹಣದ ಅಡಚಣೆಯೇ ಮುಖ್ಯ ಕಾರಣ. ಕಿರುಹಳಿಗೆ ಹಗುರವಾದ ಕಂಬಿ ಸಾಕು, ಗಿಡ್ಡ ಸ್ಲೀಪರು ಸಾಕು, ಅಗಲ ಕಡಿಮೆಯಾದ ಏರಿ ಸಾಕು. ಗುಡ್ಡ ಅಡ್ಡ ಬಂದರೆ ಕಡಿಯದೆ ಬಳುಕಿಕೊಂಡು ಹೋಗಬಹುದು. ಎವರಾರ್ಡ್ ಕ್ಯಾಲ್ತ್ರಾಪ್ ಎಂಬ ಆಂಗ್ಲ ಶಿಲ್ಪಜ್ಞನು 1897ರಲ್ಲಿ ಸೊಲ್ಲಾಪುರದ ಸೀಮೆಯಲ್ಲಿ ತೆರೆದ ಬಾರ್ಸಿ ಲೈಟ್ ರೈಲ್ವೆಯು ಈ ಎರಡೂವರೆ ಅಡಿಯ ಹಳಿಗೆ ಮಾದರಿಯೆನಿಸಿತು. ಪ್ರತಿಯೊಂದು ಅಚ್ಚಿನ ಮೇಲೂ ಭಾರವನ್ನು ಸಮನಾಗಿ ಹಂಚಿ, ಐದು ಟನ್ನಿಗೆ ಮೀರದಂತೆ ನೋಡಿಕೊಂಡರೆ, ಹಗುರವಾದ ಕಂಬಿಯ ಮೇಲೆಯೂ ಹೆಚ್ಚು ಸರಕನ್ನು ಸಾಗಿಸಬಹುದೆಂದು ಅವನು ತೋರಿಸಿಕೊಟ್ಟನು. ನಷ್ಟವೂ ಇರಲಿಲ್ಲವೆಂದಲ್ಲ. ಕಿರುಹಳಿಯ ಬಂಡಿಯು ದೊಡ್ಡ ಹಳಿಯ ಮೇಲೆ ಹೋಗಲಾರದು. ಯಲಹಂಕದಲ್ಲಿಯೂ ಬಂಗಾರಪೇಟೆಯಲ್ಲಿಯೂ ಮೂಟೆಗಳನ್ನು ಒಂದು ಬಂಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಾಗಿತ್ತು. ಕೂಲಿಯವರ ಬೆನ್ನಿನ ಮೇಲೆ ನಿಂತಿದ್ದ ಈ ಸಂಧಿಸ್ಥಾನದ ಕಷ್ಟವು ಯಾವ ಮಾದರಿಯಲ್ಲಿಯೂ ಕಾಣದು.

ಈಗ ಇ.ಎಸ್. 506ರ ಮುಂದೆ ನಿಂತು, ಇದು ಬ್ರಾಡ್‌ಗೇಜಿನ ಎಂಜಿನನ್ನು ಕುಗ್ಗಿಸಿ ಮಾಡಿದುದೆ ಎಂದು ಕೇಳಿಕೊಳ್ಳೋಣ. ಲೆಕ್ಕ ಸುಲಭ. 762ನ್ನು 1676ರಿಂದ ಭಾಗಿಸಿದರೆ ಅರ್ಧಕ್ಕಿಂತ ಕಡಿಮೆಯೇ ಬರುವುದು. ಎಲ್ಲವನ್ನೂ ಅದೇ ಪ್ರಮಾಣದಲ್ಲಿ ಕುಗ್ಗಿಸಿದ್ದರೆ, ಐದೂವರೆ ಅಡಿ ಎತ್ತರದ ಡ್ರೈವರನಿಗಾಗಿ ಮಾಡಿದ ಗೂಡಿನಲ್ಲಿ ಎರಡೂವರೆ ಅಡಿಯ ಮಗು ಮಾತ್ರ ನಿಲ್ಲಬಹುದಾಗಿತ್ತು. ಹಳಿ ಕುಗ್ಗಿದರೂ ಮನುಷ್ಯನು ಕುಗ್ಗಲಿಲ್ಲ; ಅವನ ಸಲಿಕೆ ಕುಗ್ಗಲಿಲ್ಲ; ರಾಗಿಯ ಮೂಟೆಯೂ ಕುಗ್ಗಲಿಲ್ಲ. ಆದುದರಿಂದ ಕಿರುಹಳಿಯ ಎಂಜಿನಿನಲ್ಲಿ ಗೂಡು ಹಳಿಗಿಂತ ಬಹಳ ಅಗಲವಾಗಿ ಎರಡು ಪಕ್ಕಕ್ಕೂ ಚಾಚಿಕೊಂಡಿರುತ್ತದೆ, ಗಾಲಿಗಳು ಚಿಕ್ಕವಾಗಿರುತ್ತವೆ, ಭಾರವನ್ನು ಹಂಚಿಕೊಳ್ಳಲು ಅಚ್ಚುಗಳು ಹೆಚ್ಚಾಗಿರುತ್ತವೆ. ಮಲ್ಲಿತಮ್ಮನ ಕಾಲದವರು ಕಿರುಶಿಖರಕ್ಕೆ ಮಾಡಿದ ಉಪಾಯವನ್ನೇ ಕಿರುಹಳಿಯ ಶಿಲ್ಪಜ್ಞರೂ ಮಾಡಿದರು: ಯಾವುದಕ್ಕಾಗಿ ಚಿಕ್ಕದು ಎಂಬುದನ್ನು ಮೊದಲು ನಿಶ್ಚಯಿಸಿ, ಅದಕ್ಕೆ ತಕ್ಕಂತೆ ಹೊಸದಾಗಿ ಯೋಚಿಸಿದರು.

ಇನ್ನು ಈ ಕಿರುಬಂಡಿಗೂ ಮಾದರಿಯೊಂದನ್ನು ಮಾಡುವ ವಿಷಯ. ನಿಜವಾಗಿ ಬೆಂಕಿಯಿಟ್ಟು, ನೀರು ಕಾಯಿಸಿ, ಉಗಿಯಿಂದಲೇ ಓಡಿಸುವ ಮಾದರಿ ಎಂಜಿನುಗಳನ್ನು ತಯಾರಿಸುವುದು ಅನೇಕ ದೇಶಗಳಲ್ಲಿ ಗೃಹಸ್ಥರ ಮೆಚ್ಚಿನ ಹವ್ಯಾಸವಾಗಿರುವುದು. ಇಂತಹವುಗಳಿಗೆ ರೂಢಿಯಲ್ಲಿರುವ ಹಳಿಗಳಲ್ಲಿ ಐದು ಅಂಗುಲದ್ದು ಒಂದು. ಕೋಲಾರದ ಹಳಿ ಮೂವತ್ತು ಅಂಗುಲ. ಆದುದರಿಂದ ಐದು ಅಂಗುಲದ ಹಳಿಯ ಮೇಲೆ ಅದರ ಮಾದರಿಯು ಸರಿಯಾಗಿ ಆರನೆಯ ಒಂದು ಪಾಲಾಗುವುದು. ಇಂಗ್ಲೆಂಡಿನ ದೊಡ್ಡ ಹಳಿಯ ಎಂಜಿನನ್ನು ಅದೇ ಐದು ಅಂಗುಲದ ಹಳಿಗೆ ಇಳಿಸಬೇಕಾದರೆ ಹನ್ನೊಂದನೆಯ ಒಂದು ಪಾಲಿಗಿಂತಲೂ ಚಿಕ್ಕದಾಗಿ ಮಾಡಬೇಕು. ಮೂಲವು ಕಿರುಹಳಿಯದಾದರೆ ಮಾದರಿಯು ದಪ್ಪವಾಗಿ, ಕೈಗೆ ಸಿಕ್ಕುವಂತೆ, ಹಿಂದೆ ಕುಳಿತು ನಡೆಯಿಸುವವನಿಗೆ ಅನುಕೂಲವಾಗಿ ಬರುವುದು. ಹವ್ಯಾಸಿಗಳಿಗೆ ಕಿರುಹಳಿಯ ಎಂಜಿನುಗಳೆಂದರೆ ಪ್ರೀತಿ ಹೆಚ್ಚಲು ಇದೂ ಒಂದು ಕಾರಣ.

ಆರನೆಯ ಒಂದು ಪಾಲು ಎಂದಾಗ ಉದ್ದ ಮಾತ್ರ ಆರನೆಯ ಒಂದಾಗುವುದೆಂಬುದನ್ನು ಮರೆಯಬಾರದು. ಉದ್ದ ಆರರಲ್ಲಿ ಒಂದು. ಮೇಲ್ಮೈ ಮೂವತ್ತಾರರಲ್ಲಿ ಒಂದು. ಗಾತ್ರವೂ ತೂಕವೂ ಇನ್ನೂರ ಹದಿನಾರರಲ್ಲಿ ಒಂದು. ಲೆಕ್ಕಕ್ಕಾಗಿ 24 ಅಡಿ ಉದ್ದವಾಗಿ 27 ಟನ್ನು ತೂಗುವ ಒಂದು ಕಿರುಹಳಿಯ ಎಂಜಿನನ್ನು ತೆಗೆದುಕೊಳ್ಳೋಣ. ಮಾದರಿಯು 4 ಅಡಿ ಉದ್ದವಾಗಿ, ತೂಕದಲ್ಲಿ 125 ಕಿಲೋಗ್ರಾಮು ಮಾತ್ರ ಆಗುವುದು. ಮೂಲದಲ್ಲಿ 2160 ಲೀಟರು ನೀರು ಹಿಡಿದರೆ ಮಾದರಿಯಲ್ಲಿ 10 ಲೀಟರು, ಎಂದರೆ ಒಂದು ಬಿಂದಿಗೆಯ ಸುಮಾರು. ಗಾಲಿಗಳು ಅದೇ ಲಯದಲ್ಲಿ ಸುತ್ತಿದರೆ, ಗಂಟೆಗೆ 24 ಕಿಲೋಮೀಟರು ಓಡುವ ಮೂಲದ ಮಾದರಿಯು 4 ಕಿಲೋಮೀಟರು ಓಡುವುದು. ಸಂಜೆಯ ತಿರುಗಾಟಕ್ಕೆ ಹೊರಟ ಮುದುಕರು ಅದರ ಜೊತೆಜೊತೆಗೆ ನಡೆಯಬಹುದು.

ಉದ್ದ, ಮೇಲ್ಮೈ, ಗಾತ್ರಗಳು ಒಂದೇ ಹೆಜ್ಜೆಯಲ್ಲಿ ಕುಗ್ಗುವುದಿಲ್ಲವೆಂಬ ಈ ನಿಯಮವನ್ನು ಇಟಲಿಯ ಗೆಲಿಲಿಯೋ ಪಂಡಿತನು 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದನು. ಆದರೆ ನಮ್ಮ ಗೃಹಿಣಿಯರಿಗೆ ಇದು ಮೊದಲೇ ಗೊತ್ತು. ಬಚ್ಚಲಿನ ಹಂಡೆಯಲ್ಲಿ ಮುಂಜಾನೆ ಕಾಯಿಸಿದ ನೀರು ಮಧ್ಯಾಹ್ನಕ್ಕೂ ಬೆಚ್ಚಗಿರುವುದು. ಅದರಿಂದಲೇ ತೆಗೆದ ಒಂದು ಚೆಂಬು ನೀರು ಗಳಿಗೆಯೊಳಗೆ ಆರಿಹೋಗುವುದು. ಚೆಂಬಿನ ನೀರು ಕಡಿಮೆ, ಆ ನೀರಿಗೆ ಹೋಲಿಸಿದರೆ ಶಾಖ ಸೋರುವ ಮೈ ಹೆಚ್ಚು. ಮಾದರಿ ಎಂಜಿನಿನ ಬಾಯ್ಲರೂ ಹಾಗೆಯೇ. ಒಂದೊಂದು ಲೀಟರು ನೀರಿಗೆ ಶಾಖ ಸೋರುವ ಮೈ ಮೂಲದಲ್ಲಿದ್ದುದರ ಆರು ಪಟ್ಟಾಗಿರುವುದು. ಆದುದರಿಂದ ಅದರ ಬೆಂಕಿಯನ್ನು ಕೂಸನ್ನು ನೋಡಿಕೊಂಡಂತೆ ನೋಡಿಕೊಳ್ಳಬೇಕು. ದೊಡ್ಡ ಎಂಜಿನಿನ ಫೈರ್‌ಮನ್ನನು ಹಣೆಯ ಬೆವರನ್ನು ಒರಸಿಕೊಂಡು ಒಂದೆರಡು ಮಾತಾಡುವಷ್ಟು ಬಿಡುವನ್ನು ಬೆಂಕಿಯು ಕೊಡುವುದು; ಮಾದರಿಯ ಬೆಂಕಿಯು ಅಷ್ಟನ್ನೂ ಸಹಿಸದು.

ಬಾಯ್ಲರಿನ ವಿಚಾರದಲ್ಲಿ ಇನ್ನೂ ಎರಡು ಸೋಜಿಗಗಳಿರುವುವು. ಮೂಲದಲ್ಲಿ 12 ಮಿಲಿಮೀಟರು ದಪ್ಪವಿರುವ ಉಕ್ಕಿನ ತಗಡು ಮಾದರಿಯಲ್ಲಿ 2 ಮಿಲಿಮೀಟರು ಆಗುವುದು. ಬಳಸೂ ಕುಗ್ಗಿರುವುದರಿಂದ ಉಗಿಯ ಒತ್ತಡವನ್ನು ತಡೆಯಲು ಅಷ್ಟೇ ಸಾಕು. ಆದರೆ ತುಕ್ಕಿಗೆ ಪ್ರಮಾಣವೆಂಬುದಿಲ್ಲ. ಒಂದು ಮಿಲಿಮೀಟರು ತುಕ್ಕು ತಿಂದರೆ ದೊಡ್ಡದಕ್ಕೆ ಹನ್ನೆರಡರಲ್ಲಿ ಒಂದು ಪಾಲು ನಷ್ಟ; ಚಿಕ್ಕದಕ್ಕೆ ಅರ್ಧ ಆಯುಸ್ಸೇ ಹೋಯಿತು. ಆದುದರಿಂದ ಮಾದರಿ ಮಾಡುವವರು ಅನೇಕವಾಗಿ ಉಕ್ಕನ್ನು ಬಿಟ್ಟು, ನಮ್ಮ ಹಂಡೆಯಂತೆ, ತಾಮ್ರವನ್ನೇ ಹಿಡಿಯುತ್ತಾರೆ. ಎರಡನೆಯದು ನೀರಿನ ಮಟ್ಟವನ್ನು ತೋರಿಸುವ ಗಾಜಿನ ಕೊಳವೆ. ಅದನ್ನು ಆರನೆಯ ಒಂದು ಪಾಲಿಗೆ ಇಳಿಸಿದರೆ ಕೊಳವೆಯ ಕಂಡಿ ಎರಡು ಮಿಲಿಮೀಟರಿನಷ್ಟಾಗುವುದು. ದೀಪದ ಬತ್ತಿಯಲ್ಲಿ ಎಣ್ಣೆಯು ತಾನೇ ಏರುವಂತೆ, ಅಂತಹ ಸಣ್ಣ ಕೊಳವೆಯಲ್ಲಿ ನೀರು ಅಂಟಿಕೊಂಡು ಮೇಲಕ್ಕೇರಿ ಸುಳ್ಳು ಮಟ್ಟವನ್ನು ತೋರುವುದು. ಬಾಯ್ಲರಿನಲ್ಲಿ ನೀರಿನ ಮಟ್ಟವನ್ನು ತಪ್ಪಾಗಿ ತಿಳಿಯುವುದು ಅಪಾಯದ ಮಾತು. ಆದುದರಿಂದ ಬುದ್ಧಿವಂತನಾದ ಮಾದರಿಕಾರನು ಅಲ್ಲಿ ಪ್ರಮಾಣವನ್ನು ಮುರಿದು, ಕೊಳವೆಯನ್ನು ದಪ್ಪನಾಗಿಯೇ ಇಡುವನು. ನೋಟಕ್ಕೆ ಅದು ಹೊಂದದಿದ್ದರೂ ಸತ್ಯವನ್ನು ಹೇಳುವುದು.

ಬಲದ ವಿಷಯದಲ್ಲಿ ನಡೆಯುವುದು ಇನ್ನೂ ವಿಚಿತ್ರ. ಮೂಲದಷ್ಟೇ ಒತ್ತಡದ ಉಗಿಯನ್ನು ಮಾದರಿಗೆ ಕೊಟ್ಟರೆ, ಪಿಸ್ಟನ್ನಿನ ಮೇಲ್ಮೈ ಮೂವತ್ತಾರನೆಯ ಒಂದು ಪಾಲಾದುದರಿಂದ ನೂಕುವ ಬಲವೂ ಮೂವತ್ತಾರನೆಯ ಒಂದು ಪಾಲಾಗುವುದು. ಹಳಿಯನ್ನು ಒತ್ತಿ ಹಿಡಿಯಬೇಕಾದ ತೂಕವೋ ಇನ್ನೂರ ಹದಿನಾರನೆಯ ಒಂದು ಪಾಲು. ತೂಕಕ್ಕೆ ಹೋಲಿಸಿದರೆ ಬಲವು ಆರು ಪಟ್ಟು ಹೆಚ್ಚಿ, ಗಾಲಿಗಳು ಹಳಿಯನ್ನು ಹಿಡಿಯಲಾರದೆ ನಿಂತಲ್ಲೇ ಗಿರ್ರನೆ ತಿರುಗುವುವು. ಬಲವಿದ್ದರೆ ಸಾಲದು, ಬಲಕ್ಕೆ ತಕ್ಕ ಭಾರವೂ ಬೇಕೆಂಬುದು ಇಲ್ಲಿ ಕಣ್ಣಿಗೆ ಕಾಣುವುದು. ಆದುದರಿಂದ ಮಾದರಿಗಳಲ್ಲಿ ಉಗಿಯ ಒತ್ತಡವನ್ನು ತಗ್ಗಿಸಿ, ಕೀಲನ್ನು ನಿಧಾನವಾಗಿ ತೆರೆದು, ಮೆಲ್ಲನೆ ಹೊರಡಿಸುವರು. ಹಾಗೆ ಹದವರಿತು ನಡೆಯಿಸಿದರೆ ಅಷ್ಟು ಚಿಕ್ಕ ಎಂಜಿನು ಸಮತಲವಾದ ಹಳಿಯ ಮೇಲೆ ಹಲವು ಜನ ವಯಸ್ಕರನ್ನು ಎಳೆದುಕೊಂಡು ಹೋಗುವುದು.

ಪ್ರಮಾಣ ತಪ್ಪದ ಮಾದರಿಯನ್ನು ನಿಜವಾದ ದುಡಿಮೆಗೆ ಹಚ್ಚಿದರೆ ಏನಾಗುವುದೆಂಬುದಕ್ಕೆ ಇಂಗ್ಲೆಂಡಿನಲ್ಲಿ ಒಂದು ದೃಷ್ಟಾಂತವಿದೆ. ಅಲ್ಲಿನ ರೇವನ್‌ಗ್ಲಾಸ್ ಎಂಬಲ್ಲಿ ಮುಚ್ಚಿಹೋಗಿದ್ದ ಒಂದು ಕಿರುಹಳಿಯನ್ನು 1915ರಲ್ಲಿ ಬ್ಯಾಸೆಟ್-ಲೋಕ್ ಎಂಬ ಮಾದರಿ ತಯಾರಕನ ಪ್ರಯತ್ನದಿಂದ ಕೇವಲ 15 ಅಂಗುಲದ ಹಳಿಯಾಗಿ ಮಾರ್ಪಡಿಸಿದರು. ಮೊದಮೊದಲು ಅದರ ಮೇಲೆ ಓಡಿಸಿದುದು ದೊಡ್ಡ ಎಂಜಿನುಗಳನ್ನು ಅಚ್ಚುಕಟ್ಟಾಗಿ ಕುಗ್ಗಿಸಿದ ಮಾದರಿಗಳನ್ನು. ನೋಡಲು ಬಲು ಚಂದ. ಆದರೆ ದಿನದಿನದ ಭಾರವನ್ನು ಎಳೆದು ಎಳೆದು, 1920ರ ದಶಕವು ಮುಗಿಯುವ ಮೊದಲೇ ಅವು ಸವೆದುಹೋದುವು. ಅದೇ ಹಳಿಗಾಗಿ, ಅದೇ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು, 1923ರಲ್ಲಿ ಹೊಸದಾಗಿ ಯೋಚಿಸಿ ಕಟ್ಟಿದ ‘ರಿವರ್ ಎಸ್ಕ್’ ಎಂಬ ಎಂಜಿನು ಗಟ್ಟಿಯಾಗಿ ನಿಂತು, ನೂರು ವರ್ಷ ಕಳೆದ ಮೇಲೂ ಬಾಳಿ ಬಂದಿದೆ. ಚಿಕ್ಕದಾಗಿ ಹುಟ್ಟಿದುದಕ್ಕೂ ಚಿಕ್ಕದಾಗಿ ಕುಗ್ಗಿದುದಕ್ಕೂ ಇರುವ ವ್ಯತ್ಯಾಸವು ಇದರಿಂದ ಸ್ಪಷ್ಟವಾಗುವುದು.

ಹಾಗಾದರೆ ಮಾದರಿಯು ಬರಿಯ ಆಟದ ಸಾಮಾನೆ? ಹಾಗೆಂದು ಹೇಳಿದರೆ ಅನ್ಯಾಯವಾದೀತು. ಮೈಸೂರಿನ ಸಂಗ್ರಹಾಲಯದಲ್ಲಿ ನಿಂತಿರುವ ಎಂಜಿನನ್ನು ಮುಟ್ಟಿ ನೋಡಿರಿ. ಕಬ್ಬಿಣವು ತಣ್ಣಗಿರುವುದು. ಗೂಡಿನಲ್ಲಿ ಡ್ರೈವರನಿಲ್ಲ, ಒಲೆಯಲ್ಲಿ ಬೆಂಕಿಯಿಲ್ಲ, ಸಿಳ್ಳಿಗೆ ಉಸಿರಿಲ್ಲ. ಅದು ಓಡಾಡಬೇಕಾಗಿದ್ದ ಹಳಿಯೂ ಇಂದು ಇಲ್ಲ. ಯಲಹಂಕದಿಂದ ಚಿಕ್ಕಬಳ್ಳಾಪುರದ ವರೆಗಿನ ದಾರಿಯೂ ಬಂಗಾರಪೇಟೆಯಿಂದ ಕೋಲಾರದ ವರೆಗಿನ ದಾರಿಯೂ 1990ರ ದಶಕದಲ್ಲಿ ಬ್ರಾಡ್‌ಗೇಜಾದುವು. ನಡುವೆ ಉಳಿದಿದ್ದ ಚಿಕ್ಕಬಳ್ಳಾಪುರ–ಕೋಲಾರದ ಭಾಗವೂ 2013ರಲ್ಲಿ ಬ್ರಾಡ್‌ಗೇಜಾಗಿ ತೆರೆಯಿತು. ಅದರಿಂದ ಆ ಸೀಮೆಯ ಜನರಿಗೆ ಅನುಕೂಲವೇ ಆಯಿತು. ಮೂಟೆಗಳನ್ನು ಇಳಿಸಿ ಏರಿಸುವ ಕಷ್ಟ ತಪ್ಪಿತು, ಬಂಡಿಗಳ ವೇಗವೂ ಹೆಚ್ಚಿತು. ಆದರೆ ಕಿರುಹಳಿಯ ಎಂಜಿನು ಉಸಿರಾಡುತ್ತಿದ್ದ ರೀತಿಯನ್ನು ಇನ್ನು ಮೇಲೆ ಹುಟ್ಟುವ ಮಕ್ಕಳು ಆ ದಾರಿಯಲ್ಲಿ ಕಾಣಲಾರರು. ಮೂಲವು ತೂಕವನ್ನು ಉಳಿಸಿಕೊಂಡು ಬೆಂಕಿಯನ್ನು ಕಳೆದುಕೊಂಡಿತು; ಉಗಿಯಿಂದ ಓಡುವ ಮಾದರಿಯು ತೂಕವಿಲ್ಲದಿದ್ದರೂ ಬೆಂಕಿಯನ್ನು ಉಳಿಸಿಕೊಂಡಿದೆ. ನೀರು ಕಾದು, ಒತ್ತಡದ ಮುಳ್ಳು ಏರಿ, ಮೊದಲ ಉಸಿರಿನೊಡನೆ ಗಾಲಿ ಅಲುಗುವುದನ್ನು ಕಂಡ ಹುಡುಗನು ಉಗಿಯೆಂದರೇನೆಂಬುದನ್ನು ಹತ್ತು ಪಾಠಗಳಿಗಿಂತ ಚೆನ್ನಾಗಿ ತಿಳಿಯುವನು.

ಈ ದೃಷ್ಟಿಯಿಂದ ಸೋಮನಾಥಪುರವನ್ನು ನೆನೆದರೆ ಮನಸ್ಸಿಗೆ ಸ್ವಲ್ಪ ನೋವಾಗದಿರದು. ಅಲ್ಲಿನ ಜನಾರ್ದನ ಮತ್ತು ವೇಣುಗೋಪಾಲರ ವಿಗ್ರಹಗಳು ಇರುವುವು. ನಡುವಿನ ಗರ್ಭಗೃಹದ ಮೂಲ ಕೇಶವ ವಿಗ್ರಹವು ಇಲ್ಲವಾಗಿದೆ. ದೇವಾಲಯದಲ್ಲಿ ನಿತ್ಯಪೂಜೆ ನಡೆಯುವುದಿಲ್ಲ. ಶಿಖರದಿಂದ ಜಗತಿಯ ವರೆಗೆ ಸಕಲವೂ ಇದ್ದು, ದೀಪವೊಂದಿಲ್ಲ. ಅಲ್ಲಿಂದ ಹೆಚ್ಚು ದೂರವಿಲ್ಲದ ತಿರುಮಕೂಡಲಿನಲ್ಲಿ, ಕಾವೇರಿ ಕಪಿಲೆಗಳ ಸಂಗಮದ ಬಳಿ, ಗುಂಜಾನರಸಿಂಹಸ್ವಾಮಿಗೂ ಅಗಸ್ತ್ಯೇಶ್ವರನಿಗೂ ಆರತಿ ಬೆಳಗುತ್ತದೆ. ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ತೇರನ್ನು ಸಾವಿರಾರು ಜನ ಕೈಹಚ್ಚಿ ಎಳೆಯುತ್ತಾರೆ. ಶಿಲ್ಪದಲ್ಲಿ ಸೋಮನಾಥಪುರಕ್ಕೆ ಸರಿಗಟ್ಟುವುದು ಕಷ್ಟ. ಆದರೂ ಭಕ್ತನ ಹೆಜ್ಜೆಯು ಬೆಂಕಿಯಿರುವ ಕಡೆಗೇ ಹೋಗುವುದು. ನಮ್ಮ ಮನೆಗಳ ಗೂಡಿನಲ್ಲಿರುವ ಗೇಣುದ್ದದ ದೇವರ ಮಂಟಪವು ಯಾವ ಶಿಲ್ಪಶಾಸ್ತ್ರದ ಪ್ರಮಾಣಕ್ಕೂ ಒಳಪಡದಿದ್ದರೂ, ಸಂಜೆಯ ದೀಪವಿರುವುದರಿಂದ ಅದು ದೇವಸ್ಥಾನವೇ ಆಗಿರುವುದು.

ಹಾಗೆಂದು ಮೂಲವನ್ನು ಕೈಬಿಡಬಹುದೆಂದು ಯಾರೂ ತಿಳಿಯಬಾರದು. ಮಾದರಿಯನ್ನು ಮಾತ್ರ ಕಂಡವನಿಗೆ ಭಾರದ ಅರಿವಾಗದು. ಇಪ್ಪತ್ತು ಮೂವತ್ತು ಟನ್ನಿನ ಕಬ್ಬಿಣವು ಹಗುರವಾದ ಕಂಬಿಯ ಮೇಲೆ ನಿಲ್ಲುವುದೆಂದರೆ ಎಂತಹ ಎಚ್ಚರದ ಕೆಲಸ, ಉರಿಯುವ ಒಲೆಯ ಬಾಯಿಗೆ ಸಲಿಕೆಯಿಂದ ದಿನವೆಲ್ಲಾ ಉರುವಲನ್ನು ಎಸೆಯುವುದೆಂದರೆ ಎಂತಹ ದುಡಿಮೆ ಎಂಬುದನ್ನು ಆ ದೊಡ್ಡ ಗೂಡಿನ ಮುಂದೆ ನಿಂತೇ ಊಹಿಸಬೇಕು. ನಂಜನಗೂಡಿನಲ್ಲಿ ಕಪಿಲೆಗೆ ಅಡ್ಡಲಾಗಿ 1735ರಲ್ಲಿ ಕಟ್ಟಿದ ಕಲ್ಲಿನ ಸೇತುವೆಯ ಮೇಲೆ ಮುಂದೆ ಮೀಟರ್‌ಗೇಜಿನ ರೈಲೂ ಓಡಾಡಿತು. ಉಗಿಬಂಡಿಯನ್ನು ಕನಸಿನಲ್ಲಿಯೂ ಕಾಣದಿದ್ದವರು ಕಟ್ಟಿದ ಕಮಾನುಗಳು ಅದರ ಭಾರವನ್ನು ತಾಳಿದುವು. ಆ ಕಮಾನುಗಳ ಮರ್ಯಾದೆಯು ಅಳತೆ ಕುಗ್ಗಿದ ಮಾದರಿಯಿಂದ ತಿಳಿಯತಕ್ಕದ್ದಲ್ಲ.

ರಜೆಯ ದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಮೈಸೂರಿನ ಕಡೆಗೆ ಬರುವ ಗೃಹಸ್ಥರು ಒಂದು ದಿನವನ್ನು ಇದಕ್ಕಾಗಿ ಮೀಸಲಿಡಬಹುದು. ಬೆಳಗಿನ ಇಳಿಬಿಸಿಲು ಗೋಡೆಯ ಮೇಲೆ ಓರೆಯಾಗಿ ಬೀಳುವಾಗ ಸೋಮನಾಥಪುರದ ಕಿರುಶಿಖರಗಳ ಸಂದುಗಳಲ್ಲಿ ನೆರಳು ಕಟ್ಟಿ, ಕೆತ್ತನೆಯು ಎದ್ದು ಕಾಣುವುದು. ಆಗ ಮೇಲಿನ ಶಿಖರವನ್ನೂ ಗೋಡೆಯ ಶಿಖರವನ್ನೂ ತೋರಿಸಿ, ಶಿಲ್ಪಿಯು ಏನನ್ನು ಬಿಟ್ಟಿದ್ದಾನೆ, ಏನನ್ನು ಹಿಗ್ಗಿಸಿದ್ದಾನೆ ಎಂದು ಮಕ್ಕಳಿಂದಲೇ ಹೇಳಿಸಬೇಕು. ಮಧ್ಯಾಹ್ನದ ಮೇಲೆ ಮೈಸೂರಿನ ಸಂಗ್ರಹಾಲಯದಲ್ಲಿ, ಮೊದಲು ಮಕ್ಕಳ ರೈಲಿನಲ್ಲಿ ಒಂದು ಸುತ್ತು ಹೋಗಲಿ, ಅನಂತರ ಇ.ಎಸ್. 506ರ ಬಳಿಗೆ ಬಂದು ಹಳಿಯ ಅಗಲವನ್ನು ಹೆಜ್ಜೆಯಿಂದ ಅಳೆಯಲಿ, ಗಾಲಿಗಳನ್ನು ಎಣಿಸಲಿ, ಗೂಡು ಹಳಿಗಿಂತ ಎಷ್ಟು ಹೊರಕ್ಕೆ ಚಾಚಿದೆಯೆಂದು ನೋಡಲಿ. ಮನೆಗೆ ಬಂದ ಮೇಲೆ ಒಂದು ಹಂಡೆ ನೀರನ್ನೂ ಒಂದು ಚೆಂಬು ನೀರನ್ನೂ ಕಾಯಿಸಿಟ್ಟು, ಯಾವುದು ಮೊದಲು ಆರುವುದೆಂದು ಪರೀಕ್ಷಿಸಲಿ. ದೊಡ್ಡದು ಏಕೆ ದೊಡ್ಡದು, ಚಿಕ್ಕದು ಏಕೆ ಚಿಕ್ಕದು ಎಂದು ಕೇಳುವ ಅಭ್ಯಾಸವು ಮಕ್ಕಳಲ್ಲಿ ಒಮ್ಮೆ ಬೇರೂರಿತೆಂದರೆ, ಆ ದಿನದ ಪ್ರಯಾಣದ ಖರ್ಚು ಬಡ್ಡಿಸಹಿತವಾಗಿ ಹಿಂದಕ್ಕೆ ಬಂದಂತೆಯೇ ಸರಿ.